ಒಂಬತ್ತು ಗೂಡಿನ ರಿವಾಲ್ವರು

ನಮ್ಮ ಸದಸ್ಯ ಬಂಧುಗಳಲ್ಲಿ ಹಲವರ ಮನೆಯಲ್ಲಿ ತಂದೆ ತಾತಂದಿರ ಕಾಲದ ಒಂದು ಕೋವಿ ಇದ್ದೇ ಇರುತ್ತದೆ. ಹಂದಿ, ಮಂಗಗಳ ಕಾಟ ಇರುವವರೆಗೆ ತೋಟದವರಿಗೂ ಕೋವಿಗೂ ಇರುವ ನಂಟು ಬಿಡುವಂಥದ್ದಲ್ಲ. ಆದರೆ ನಾವು ಇಲ್ಲಿ ಹೇಳಹೊರಟಿರುವುದು ತೋಟ ಕಾಯುವ ಕೋವಿಯ ವಿಚಾರವಲ್ಲ. ಒಂದು ಮಂಗವನ್ನೂ ಓಡಿಸದ, ಒಂದು ಹಂದಿಯನ್ನೂ ಹೆದರಿಸದ, ಆದರೂ ಅರವತ್ತನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದು 2020ರ ಡಿಸೆಂಬರಿನಲ್ಲಿ ಮನೆ ಬಿಟ್ಟು ಹೋದ ಒಂದು ಸಣ್ಣ ರಿವಾಲ್ವರಿನ ವಿಚಾರ. ಬರವಣಿಗೆ ತಮ್ಮನದು, ನೆನಪು ಅಣ್ಣ ತಮ್ಮ ಇಬ್ಬರದೂ. ಆದ್ದರಿಂದ ‘ನಾವು’ ಎಂದರೆ ಇಬ್ಬರೂ ಎಂದೇ ಓದುಗರು ತಿಳಿಯಬೇಕು.

ದೊರೆ ಬಿಟ್ಟು ಹೋದದ್ದು

ನಮ್ಮ ಅಪ್ಪಯ್ಯ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಎಸ್ಟೇಟಿನ ಇಂಗ್ಲಿಷ್ ದೊರೆ 1956ರಲ್ಲಿ ತೋಟ ಮಾರಿ ಸ್ವದೇಶಕ್ಕೆ ಹೊರಟಾಗ, ದೊಡ್ಡ ಕೋವಿಗಳನ್ನು ತೋಟ ಕೊಂಡವರೇ ಕೊಂಡರು. ಉಳಿದ ಈ ಸಣ್ಣದನ್ನು ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷ ಲೆಕ್ಕ ಬರೆದ ಅಪ್ಪಯ್ಯನಿಗೆ ದೊರೆ ಅದನ್ನು ಬಹಳ ಕಡಿಮೆ ಬೆಲೆಗೆ ಕೊಟ್ಟು ಹೋದರು. ಲೈಸೆನ್ಸಿಗಾಗಿ ಅಪ್ಪಯ್ಯ ಚಿಕ್ಕಮಗಳೂರಿಗೆ ಏಳು ಸಲ ಓಡಾಡಿದರೆಂದೂ, ಬಸ್ಸಿನ ಖರ್ಚೇ ರಿವಾಲ್ವರಿನ ಬೆಲೆಗೆ ಸಮವಾಯಿತೆಂದೂ ಅಮ್ಮ ಕಡೆಯವರೆಗೆ ಹೇಳುತ್ತಿದ್ದರು.

ಅದು ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಪಟ್ಟಣದ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಾರ್ಖಾನೆಯದು. ಆರು ಅಂಗುಲದ ನಳಿಗೆ, ಆಕ್ರೋಡದ ಮರದ ಹಿಡಿ, ಒಂಬತ್ತು ಗೂಡಿನ ಉರುಳೆ. ಸಾಧಾರಣವಾಗಿ ರಿವಾಲ್ವರೆಂದರೆ ಆರು ಗುಂಡು ಎಂಬುದು ಲೋಕರೂಢಿ. ಇದರ ತೋಟೆ ಅಷ್ಟು ಸಣ್ಣದಾದ್ದರಿಂದ ಒಂಬತ್ತು ಹಿಡಿಸುತ್ತಿತ್ತು. ಅದರಲ್ಲಿ ಮಡಚಿ ತೆರೆಯುವ ನಾಜೂಕು ಯಾವುದೂ ಇರಲಿಲ್ಲ. ಮುಂದಿನ ಕಡ್ಡಿಯನ್ನು ಎಳೆದರೆ ಉರುಳೆ ಅಂಗೈಗೆ ಜಾರಿ ಬೀಳುತ್ತಿತ್ತು. ಅದೇ ಕಡ್ಡಿಯಿಂದ ಖಾಲಿ ತೋಟೆಗಳನ್ನು ಒಂದೊಂದಾಗಿ ತಳ್ಳಿ, ಹೊಸದನ್ನು ತುಂಬಿ, ಮತ್ತೆ ಉರುಳೆಯನ್ನು ಕೂರಿಸಿ ಕಡ್ಡಿ ಸೇರಿಸಬೇಕು. ಅವಸರದವನಿಗೆ ಹೇಳಿದ ಆಯುಧವಲ್ಲ. ಅಪ್ಪಯ್ಯನಿಗೆ ಅದು ಹಿಡಿಸಿದ್ದೇ ಆ ಕಾರಣಕ್ಕೆ.

ಅಂಚಿಗೆ ಬೀಳುವ ಪೆಟ್ಟು

ಈ ಜಾತಿಯ ತೋಟೆಗೆ ರಿಮ್‌ಫೈರ್ ಎಂದು ಹೆಸರು. ನಮ್ಮ ಹನ್ನೆರಡು ಬೋರಿನ ಕೋವಿಯ ತೋಟೆಯನ್ನು ನೋಡಿದವರಿಗೆ ಅದರ ಬುಡದ ನಡುವೆ ಒಂದು ಸಣ್ಣ ಕೇಪು ಇರುವುದು ಗೊತ್ತು. ಕೋವಿಯ ಮೊಳೆ ಆ ಕೇಪಿಗೆ ಬಡಿದಾಗ ಕಿಡಿ ಹುಟ್ಟಿ ಮದ್ದಿಗೆ ಹತ್ತುತ್ತದೆ. ರಿಮ್‌ಫೈರ್ ತೋಟೆಯಲ್ಲಿ ಪ್ರತ್ಯೇಕ ಕೇಪು ಇಲ್ಲ. ತೆಳು ಹಿತ್ತಾಳೆಯ ಬುಡವನ್ನು ಸುತ್ತಲೂ ಹೊರಕ್ಕೆ ಮಡಚಿ, ಆ ಮಡಿಕೆಯ ಒಳಗೆ ಕಿಡಿಯ ಮದ್ದನ್ನು ತುಂಬಿರುತ್ತಾರೆ. ಕುದುರೆಯ ಮೂತಿ ಅಂಚಿಗೆ ಬಡಿದಾಗ ಮಡಿಕೆ ಜಜ್ಜಿ ಸಿಡಿಯುತ್ತದೆ. ಅಂಚು ಜಜ್ಜಬೇಕಾದರೆ ಹಿತ್ತಾಳೆ ತೆಳುವಾಗಿರಲೇಬೇಕು. ತೆಳುವಾದ ಮೇಲೆ ಹೆಚ್ಚು ಮದ್ದಿನ ಒತ್ತಡವನ್ನು ಅದು ತಾಳಲಾರದು. ಆದ್ದರಿಂದಲೇ ಈ ಬಗೆಯಲ್ಲಿ ಸಣ್ಣ ತೋಟೆಗಳು ಉಳಿದು, ದೊಡ್ಡವು ಕಾಲಕ್ರಮದಲ್ಲಿ ಮಾಯವಾದವು. ಒಮ್ಮೆ ಸಿಡಿದದ್ದನ್ನು ನಾವು ಮನೆಯಲ್ಲಿ ಮತ್ತೆ ತುಂಬಿಕೊಳ್ಳುವಂತೆಯೂ ಇಲ್ಲ.

ಇದರ ಚರಿತ್ರೆ ಸ್ವಾರಸ್ಯವಾಗಿದೆ. 1845ರ ಸುಮಾರಿಗೆ ಪ್ಯಾರಿಸಿನ ಫ್ಲೋಬೆರ್ ಎಂಬ ಕೋವಿ ತಯಾರಕ, ಮನೆಯೊಳಗೇ ಗುರಿ ಅಭ್ಯಾಸ ಮಾಡಲೆಂದು ಕೇಪಿಗೇ ಒಂದು ಸಣ್ಣ ಗುಂಡನ್ನು ಕೂರಿಸಿದ. ಆ ಬಗೆಯನ್ನು ಬೆಳೆಸಿ, ಒಳಗೆ ನಾಲ್ಕು ಗ್ರೇನ್ ಕರಿಮದ್ದು ಸೇರಿಸಿ, 1857ರಲ್ಲಿ ಏಳು ಗೂಡಿನ ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ಬಿಟ್ಟವರು ಅಮೆರಿಕಾದ ಸ್ಪ್ರಿಂಗ್‌ಫೀಲ್ಡಿನ ಸ್ಮಿತ್ ಮತ್ತು ವೆಸ್ಸನ್. ಅದುವರೆಗೆ ರಿವಾಲ್ವರೆಂದರೆ ನಮ್ಮ ಕೇಪಿನ ಕೋವಿಯಂತೆ ಪ್ರತಿ ಗೂಡಿಗೂ ಮದ್ದು ಸುರಿದು, ಗುಂಡು ತುರುಕಿ, ಹಿಂದೆ ಕೇಪು ಹಾಕುವ ಕೆಲಸ. ಇಲ್ಲಿ ತೋಟೆಯನ್ನು ಹಿಂದಿನಿಂದ ಜಾರಿಸಿದರೆ ಮುಗಿಯಿತು.

ಹಾಗೆ ಹಿಂದಿನಿಂದ ತುಂಬಬೇಕಾದರೆ ಉರುಳೆಯ ಗೂಡುಗಳು ಆರಪಾರ ಕೊರೆದಿರಬೇಕು. ಇಂದು ಮಕ್ಕಳಿಗೂ ಹೊಳೆಯುವ ಈ ಸಂಗತಿಗೆ ರೋಲಿನ್ ವೈಟ್ ಎಂಬಾತ 1855ರಲ್ಲೇ ಪೇಟೆಂಟ್ ಪಡೆದಿದ್ದ. ಸ್ಮಿತ್ ಮತ್ತು ವೆಸ್ಸನ್ ಆತನಿಗೆ ಪ್ರತಿ ರಿವಾಲ್ವರಿಗೆ 25 ಸೆಂಟ್ ಕೊಡಲು ಒಪ್ಪಿದರು. ಆದರೆ ಬೇರೆಯವರು ನಕಲು ಮಾಡಿದರೆ ಮೊಕದ್ದಮೆ ಹೂಡುವ ಖರ್ಚು ವೈಟನದೇ ಎಂದು ಕರಾರಿನಲ್ಲಿ ಬರೆಸಿಕೊಂಡರು. ಕಂಪನಿ ಬೆಳೆಯಿತು, ವೈಟನ ಗಳಿಕೆಯ ಬಹುಭಾಗವನ್ನು ಕೋರ್ಟು ತಿಂದಿತು. 1869ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅದನ್ನು ಮುಂದುವರಿಸಬೇಕೆಂದು ಆತ ತಂದ ಮಸೂದೆಗೆ 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟ್ ಒಪ್ಪಿಗೆ ನಿರಾಕರಿಸಿದರು. ಕರಾರಿಗೆ ಸಹಿ ಹಾಕುವ ಮುನ್ನ ಕೊನೆಯ ಸಾಲನ್ನೂ ಓದಬೇಕೆಂಬುದಕ್ಕೆ, ಫಸಲು ಗುತ್ತಿಗೆ ಕೊಡುವ ನಮ್ಮಂಥವರಿಗೆ, ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಪೇಟೆಂಟ್ ಮುಗಿದದ್ದೇ ತಡ, ಅಮೆರಿಕಾದ ಸಣ್ಣ ದೊಡ್ಡ ಕಾರ್ಖಾನೆಗಳೆಲ್ಲ ಅಗ್ಗದ ರಿಮ್‌ಫೈರ್ ರಿವಾಲ್ವರುಗಳನ್ನು ಮಾಡತೊಡಗಿದವು. ನಮ್ಮದನ್ನು ಮಾಡಿದ ಕಾರ್ಖಾನೆಯೂ ಆ 1870ರ ದಶಕದಲ್ಲೇ ತಲೆಯೆತ್ತಿದ್ದು, 1986ರಲ್ಲಿ ಬಾಗಿಲು ಹಾಕಿತು. ಈಗ ಎಲ್ಲ ಕಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟೆ ಬಂದದ್ದು 1887ರಲ್ಲಿ. ನಮ್ಮದು ತಿನ್ನುತ್ತಿದ್ದದ್ದು ಅದನ್ನೇ. ನಲವತ್ತು ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ ತೂಕದ ಸೀಸ. ಅಡಿಕೆಯ ಒಂದು ಹೋಳಿಗಿಂತಲೂ ಹಗುರ. ಆದರೆ ತಡೆಯಿಲ್ಲದಿದ್ದರೆ ಒಂದು ಮೈಲಿಗೂ ಮೀರಿ ಹಾರುತ್ತದೆ ಎಂಬ ಎಚ್ಚರಿಕೆ ತೋಟೆಯ ಡಬ್ಬಿಯ ಮೇಲೆಯೇ ಇರುತ್ತದೆ. ಆ ಸಾಲನ್ನು ಅಪ್ಪಯ್ಯ ಪ್ರತಿ ಸಲವೂ ನಮ್ಮಿಂದ ಗಟ್ಟಿಯಾಗಿ ಓದಿಸುತ್ತಿದ್ದರು.

ಖಾಲಿ ಹೊಡೆದ ಪಾಪ

ಹದಿನಾರು ತುಂಬುವವರೆಗೆ ಅದನ್ನು ಮುಟ್ಟಕೂಡದೆಂದು ಅಪ್ಪಯ್ಯನ ಕಟ್ಟಪ್ಪಣೆ. ಬೇಡವೆಂದದ್ದನ್ನು ಮಾಡದ ಹುಡುಗರುಂಟೆ? 1961ರಲ್ಲಿ ಒಂದು ದಿನ ಅಪ್ಪಯ್ಯ ಮೂಡಿಗೆರೆ ಸಂತೆಗೆ ಹೋಗಿದ್ದಾಗ ಪೆಟ್ಟಿಗೆಯ ಬೀಗದ ಕೈ ನಮಗೆ ಸಿಕ್ಕಿತು. ತೋಟೆಗಳು ಬೇರೆ ಕಡೆ ಇದ್ದವು. ಪುಣ್ಯಕ್ಕೆ ಆ ಕೈ ಸಿಕ್ಕಿರಲಿಲ್ಲ. ಖಾಲಿ ರಿವಾಲ್ವರಿನಿಂದ ಏನು ಅಪಾಯ ಎಂದು, ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯ ಕಡೆ ಗುರಿಯಿಟ್ಟು ಮಧ್ಯಾಹ್ನವೆಲ್ಲ ಟಕ್ ಟಕ್ ಎಂದು ಕುದುರೆ ಬೀಳಿಸಿದೆವು. ಒಬ್ಬ ಪೊಲೀಸು, ಒಬ್ಬ ಡಕಾಯಿತ. ನೂರು ಸಲವಾದರೂ ಆಗಿರಬೇಕು.

ಮುಂದಿನ ಭಾನುವಾರ ಅಪ್ಪಯ್ಯ ತೋಟೆ ತುಂಬಲು ಹೋದರೆ ಎರಡು ಗೂಡುಗಳಿಗೆ ತೋಟೆ ಇಳಿಯಲೇ ಇಲ್ಲ. ಉರುಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಮ್ಮ ಮುಖ ನೋಡಿದರು. ಹೊಡೆಯಲಿಲ್ಲ, ಬೈಯಲಿಲ್ಲ. “ಬನ್ನಿ ಇಲ್ಲಿ, ಏನು ಮಾಡಿದ್ದೀರಿ ನೋಡಿ” ಎಂದು ತೋರಿಸಿದರು.

ಆಗಿದ್ದದ್ದು ಇಷ್ಟೆ. ರಿಮ್‌ಫೈರಿನಲ್ಲಿ ಕುದುರೆಯ ಮೂತಿ ಬಡಿಯುವುದು ಗೂಡಿನ ಅಂಚಿನ ಮೇಲೆಯೇ. ತೋಟೆ ಇದ್ದರೆ ಪೆಟ್ಟನ್ನು ಅದರ ಮೆತ್ತನೆಯ ಹಿತ್ತಾಳೆ ತಿನ್ನುತ್ತದೆ. ಇಲ್ಲದಿದ್ದರೆ ಉಕ್ಕು ಉಕ್ಕಿಗೇ ಬಡಿದು ಗೂಡಿನ ಬಾಯಿ ಜಜ್ಜಿ ಒಳಕ್ಕೆ ಗಂಟು ಕಟ್ಟುತ್ತದೆ. ಕೆಲವು ಹೊಸ ರಿವಾಲ್ವರುಗಳಲ್ಲಿ ಮೂತಿ ಅಂಚಿಗೆ ತಾಗದಂತೆ ಮೊದಲೇ ನಿಲ್ಲಿಸುವ ಏರ್ಪಾಡಿದೆ. ಹಳೆಯವುಗಳಲ್ಲಿ ಅದನ್ನು ನಂಬುವಂತಿಲ್ಲ. ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಗಂಟನ್ನು ಮೆಲ್ಲಗೆ ಒತ್ತಿ ಸಮ ಮಾಡಿ ಕೊಟ್ಟರು. ಅರದಲ್ಲಿ ಉಜ್ಜಿದ್ದರೆ ಗೂಡು ಅಗಲವಾಗಿ, ತೋಟೆಯ ಅಂಚು ಒಡೆಯುವ ಅಪಾಯವಿತ್ತಂತೆ.

ನಮಗೆ ಸಿಕ್ಕಿದ ಶಿಕ್ಷೆ ಏನೆಂದರೆ, ಹದಿನಾರು ತುಂಬುವವರೆಗೆ ರಿವಾಲ್ವರ್ ತೊಳೆಯುವ ಕೆಲಸ ನಮ್ಮದು, ಹೊಡೆಯುವುದು ಅಪ್ಪಯ್ಯನದು. ದೊರೆ ಬಿಟ್ಟುಹೋದ ಡಬ್ಬಿಗಳಲ್ಲಿ ಹಳೆಯ ಕಾಲದ ತೋಟೆಗಳಿದ್ದವು. ಆ ಕಾಲದ ಕಿಡಿಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಆಷಾಢದ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು, ಬೆಳಿಗ್ಗೆ ತುಕ್ಕಿನ ಕೆಂಪು. ಎಣ್ಣೆಯಿಂದ ಉಪ್ಪು ಹೋಗುವುದಿಲ್ಲ, ನೀರೇ ಬೇಕು. ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು, ನಳಿಗೆ ಮತ್ತು ಉರುಳೆಗೆ ಸುರಿದು, ಕಡ್ಡಿಗೆ ಬಟ್ಟೆ ಸುತ್ತಿ ಉಜ್ಜಿ, ಬಿಸಿಗೇ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಮಾಡಿ ಮಾಡಿ ನಮ್ಮ ಕೈಗೆ ಅದರ ಪ್ರತಿ ತಿರುಪೂ ಪರಿಚಯವಾಯಿತು. ಶಿಕ್ಷೆಯೆಂದು ಹಿಡಿದ ಕೆಲಸ ಯಾವಾಗ ಅಕ್ಕರೆಯಾಯಿತೋ ಹೇಳಲಾರೆವು.

ಭಾನುವಾರದ ಹಾಳೆ

ಶನಿವಾರ ಆಳುಗಳ ಬಟವಾಡೆ ಮುಗಿದರೆ ಭಾನುವಾರ ಸಂಜೆ ಗುರಿ ಹೊಡೆಯುವ ಹೊತ್ತು. ಅದೂ ಕಾಫಿ ಕುಯ್ಲು, ಅಡಿಕೆ ಕೊಯ್ಲು ಎರಡೂ ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ಮಾತ್ರ. ಲೈಸೆನ್ಸಿನ ಮೇಲೆ ಸಿಗುತ್ತಿದ್ದ ತೋಟೆಗಳು ಮಿತವಾದ್ದರಿಂದ ಒಬ್ಬರಿಗೆ ಒಂದು ಉರುಳೆ, ಅಂದರೆ ಒಂಬತ್ತು ಈಡು. ಮನೆಯ ಹಿಂದೆ ಎರಡಾಳೆತ್ತರದ ದರೆ ಇತ್ತು. ಅದರ ಮುಂದೆ ಒಂದು ಅಡಿಕೆ ಹಾಳೆಯನ್ನು ಕಟ್ಟಿ, ಇದ್ದಿಲಿನಲ್ಲಿ ರೂಪಾಯಿಯಗಲ ಒಂದು ಸುತ್ತು ಬರೆದು, ಹದಿನೈದು ಹೆಜ್ಜೆ ಅಳೆದು ನಿಲ್ಲುವುದು. ಹಾಳೆಗೆ ತಗುಲಿದ ಗುಂಡು ಹರಿಯದೆ ಚೊಕ್ಕಟವಾದ ತೂತು ಮಾಡಿ ದರೆಯ ಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಕಾಗದದ ಗುರಿಹಲಗೆ ಕಂಡವರು ನಗಬಹುದು, ಆದರೆ ಹಾಳೆಗಿಂತ ಒಳ್ಳೆಯ ಗುರಿಹಲಗೆಯನ್ನು ನಾವಂತೂ ಕಂಡಿಲ್ಲ.

ಅದರ ಸದ್ದು ಜೋಡು ನಳಿಗೆಯಂತೆ ಎದೆ ನಡುಗಿಸುವಂಥದ್ದಲ್ಲ. ಒಣ ಬಿದಿರಿನ ಗಣ್ಣು ಬೆಂಕಿಯಲ್ಲಿ ಸಿಡಿದಂತೆ. ಕೈಗೆ ಒದೆತವೇ ಇಲ್ಲ. ಒದೆತವಿಲ್ಲದ್ದರಿಂದ ತಪ್ಪನ್ನು ಕೋವಿಯ ಮೇಲೆ ಹೊರಿಸುವಂತೆಯೂ ಇರಲಿಲ್ಲ. ಬೆರಳು ಎಳೆದದ್ದು ಹೆಚ್ಚಾಯಿತೋ, ಉಸಿರು ಬಿಟ್ಟದ್ದು ಬೇಗವಾಯಿತೋ, ಹಾಳೆ ಹೇಳುತ್ತಿತ್ತು. “ದೊಡ್ಡ ಕೋವಿ ಸುಳ್ಳು ಹೇಳಲು ಬಿಡುತ್ತದೆ, ಇದು ಬಿಡುವುದಿಲ್ಲ” ಎನ್ನುತ್ತಿದ್ದರು ಅಪ್ಪಯ್ಯ.

ಕುದುರೆ ಬಿದ್ದರೂ ಕೆಲವು ಸಲ ಈಡು ಹಾರುತ್ತಿರಲಿಲ್ಲ. ಅಂಚಿನೊಳಗೆ ಕಿಡಿಮದ್ದು ಒಂದೇ ಸಮ ಹರಡಿರದಿದ್ದರೆ ರಿಮ್‌ಫೈರಿನಲ್ಲಿ ಹೀಗಾಗುವುದುಂಟು. ಆಗ ನಳಿಗೆಯನ್ನು ದರೆಯ ಕಡೆಗೇ ಹಿಡಿದು ಮೂವತ್ತು ಎಣಿಸಬೇಕು. ತಡವಾಗಿ ಸಿಡಿಯುವ ತೋಟೆಯೂ ಇರುತ್ತದೆ. ಆಮೇಲೆ ಉರುಳೆ ತೆಗೆದು, ಆ ತೋಟೆಯನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಪೆಟ್ಟು ಅಂಚಿನ ಬೇರೆ ಕಡೆ ಬಿದ್ದು ಹಲವು ಸಲ ಹಾರುತ್ತಿತ್ತು. ಆ ಮೂವತ್ತರ ಎಣಿಕೆಯನ್ನು ನಾವು ಬೇರೆ ಎಷ್ಟೋ ಕಡೆ ಬಳಸಿದ್ದೇವೆ. ವ್ಯಾಪಾರಿಯ ಬೆಲೆಗೆ ‘ಆಗಲಿ’ ಎನ್ನುವ ಮೊದಲು, ಮಕ್ಕಳ ಮೇಲೆ ಕೈಯೆತ್ತುವ ಮೊದಲು.

ಮಂಗಗಳ ವಿಚಾರ ಹೇಳದಿದ್ದರೆ ಅಪೂರ್ಣವಾದೀತು. ಎಳೆ ಅಡಿಕೆ ಚೀಪಲು ಬಂದ ಹಿಂಡನ್ನು ಹೆದರಿಸಲು ಒಮ್ಮೆ ರಿವಾಲ್ವರನ್ನು ದರೆಗೆ ಹೊಡೆದೆವು. ಕೇಪಿನ ಕೋವಿಯ ಸದ್ದಿಗೆ ಮೂರು ತೋಟ ದಾಟಿ ಓಡುವ ಮಂಗಗಳು, ಈ ಸದ್ದಿಗೆ ಏನೋ ತಿನ್ನುವುದು ಬಿತ್ತೆಂದು ಕೆಳಗೆ ಇಣುಕಿ ನೋಡಿದವು. ಅಂದಿಗೆ ಅದರ ಬೇಸಾಯದ ಉಪಯೋಗ ಮುಗಿಯಿತು.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆದವರು ಅಮ್ಮ. 1968ರ ಒಂದು ಭಾನುವಾರ, ಅಡಿಕೆ ಸುಲಿದು ಎದ್ದು ಬಂದವರು, “ನೀವು ಮೂವರೂ ಸೇರಿ ಹಾಳೆ ಹಾಳು ಮಾಡುತ್ತೀರಿ, ಇಲ್ಲಿ ಕೊಡಿ” ಎಂದರು. ಅಪ್ಪಯ್ಯ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಅಮ್ಮ ಒಂಬತ್ತರಲ್ಲಿ ಏಳನ್ನು ಸುತ್ತಿನೊಳಗೆ ಹಾಕಿದರು. ಮೆಟ್ಟುಗತ್ತಿಯ ಮುಂದೆ ದಿನಕ್ಕೆ ಸಾವಿರಾರು ಅಡಿಕೆಯನ್ನು ಬೆರಳು ಕೊಯ್ದುಕೊಳ್ಳದೆ ಸುಲಿಯುವ ಕೈಗೆ ಅದೇನು ಮಹಾ! ಮತ್ತೆ ಎಷ್ಟು ಕರೆದರೂ ಹೊಡೆಯಲು ಬರಲಿಲ್ಲ. ಆ ಹಾಳೆಯನ್ನು ಮಾತ್ರ ಅಪ್ಪಯ್ಯ ಅಟ್ಟದ ಮೇಲೆ ಎತ್ತಿಟ್ಟರು.

ಮೂರರಲ್ಲಿ ಒಂದು

1989ರಲ್ಲಿ ಅಪ್ಪಯ್ಯ ತೀರಿಕೊಂಡ ಮೇಲೆ ಮೂರು ಆಯುಧಗಳೂ ಅಣ್ಣನ ಲೈಸೆನ್ಸಿಗೆ ಬಂದವು. ತಾತನ ಜೋಡು ನಳಿಗೆ, ಕೇಪಿನ ಕೋವಿ, ಈ ರಿವಾಲ್ವರು. ಒಬ್ಬರಿಗೆ ಮೂರು ಎಂಬ ಮಿತಿ 1983ರ ತಿದ್ದುಪಡಿಯಿಂದ ಇತ್ತು. 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಮತ್ತೆ ತಿದ್ದುಪಡಿ ಬಂದು ಮಿತಿ ಎರಡಕ್ಕೆ ಇಳಿಯಿತು. ಮಸೂದೆಯಲ್ಲಿ ಮೊದಲು ಒಂದೇ ಎಂದಿದ್ದು, ಆಕ್ಷೇಪಣೆಗಳು ಬಂದ ಮೇಲೆ ಎರಡಾಯಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಪೊಲೀಸು ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಬೇಕೆಂದು ವಿಧಿಸಲಾಯಿತು. ನಮ್ಮ ನೆರೆಯ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿಯಿದ್ದು, ಅದನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಗಿದೆ. ಕೈಲ್ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ತೆಂಗಿನಕಾಯಿಗೆ ಗುರಿ ಹೊಡೆಯುವ ಅವರ ಸಂಭ್ರಮವನ್ನು ಕಂಡು ನಾವು ಸಂತೋಷಪಟ್ಟವರೇ. ಆದರೆ ನಮ್ಮ ಕಡೆಗೆ ಆ ವಿನಾಯಿತಿ ಇಲ್ಲ.

ಯಾವುದನ್ನು ಕೊಡುವುದು? ಆ ವರ್ಷವೆಲ್ಲ ನಮ್ಮಿಬ್ಬರಿಗೂ ಇದೇ ಮಾತು. ಕೊರೊನಾ ಕಾಲವಾದ್ದರಿಂದ ಮನೆಯಲ್ಲೇ ಕುಳಿತು ಮಾತಾಡಲು ಹೊತ್ತಿಗೂ ಕೊರತೆಯಿರಲಿಲ್ಲ. ಜೋಡು ನಳಿಗೆ ತಾತನದು. ಕೇಪಿನ ಕೋವಿಗೆ ಪೇಟೆಯಲ್ಲಿ ಬೆಲೆಯೇ ಇಲ್ಲ, ಆದರೆ ದಿನ ಬೆಳಗಾದರೆ ಮಂಗ ಓಡಿಸುವುದು ಅದೇ. ಕೊನೆಗೆ ಅಣ್ಣ ಹೇಳಿದ್ದು: “ಅಪ್ಪಯ್ಯ ಇದ್ದಿದ್ದರೆ ಕೆಲಸ ಮಾಡುವುದನ್ನು ಉಳಿಸಿಕೊಳ್ಳಿ ಎನ್ನುತ್ತಿದ್ದರು ಕಣೋ.” ಅದಕ್ಕೆ ತಮ್ಮನ ಬಳಿ ಉತ್ತರವಿರಲಿಲ್ಲ.

ಕೊಡುವ ಹಿಂದಿನ ದಿನ ಹಂಡೆಯ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿದೆವು. ಈಗಿನ ತೋಟೆಗಳಿಗೆ ಬಿಸಿನೀರಿನ ಅಗತ್ಯವಿಲ್ಲ, ಆದರೂ ತೊಳೆದೆವು. ಠಾಣೆಯಲ್ಲಿ ರೈಟರು ನಂಬರು ಓದಿ ಪುಸ್ತಕದಲ್ಲಿ ಬರೆದುಕೊಂಡರು. ಪಕ್ಕದಲ್ಲಿದ್ದ ಎಳೆಯ ಪೇದೆಯೊಬ್ಬರು ಕುತೂಹಲದಿಂದ ಕೈಗೆತ್ತಿಕೊಂಡು, ಖಾಲಿಯಿದೆಯೆಂದು ಸರಿಯಾಗಿಯೇ ನೋಡಿಕೊಂಡು, “ಈಗಲೂ ಕೆಲಸ ಮಾಡುತ್ತಾ ಸಾರ್?” ಎಂದು ಗೋಡೆಯ ಕಡೆ ಹಿಡಿದು ಕುದುರೆ ಎತ್ತಿದರು. “ಖಾಲಿ ಹೊಡೀಬೇಡಿ!” ಎಂದು ನಾವಿಬ್ಬರೂ ಒಂದೇ ಉಸಿರಿಗೆ ಕೂಗಿದೆವು. ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಪ್ಪತ್ತು ದಾಟಿದ ಇಬ್ಬರು ಮುದುಕರು ಹೀಗೇಕೆ ಕೂಗಿದರೆಂದು ಅವರಿಗೇನು ಗೊತ್ತು? ಅಣ್ಣ ಆ ಹುಡುಗನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು, ಹೆಬ್ಬೆರಳಿನಲ್ಲಿ ಕುದುರೆಯನ್ನು ಹಿಡಿದು ಇಳಿಸಿ, ಉರುಳೆ ಬಿಚ್ಚಿ, ಅಂಚಿನಲ್ಲಿ 1961ರ ಗುರುತನ್ನು ತೋರಿಸಿದರು. ಆ ಪೇದೆ ಗಮನವಿಟ್ಟು ಕೇಳಿ, “ನನಗೆ ಗೊತ್ತಿರಲಿಲ್ಲ ಸಾರ್” ಎಂದರು. ನಮಗೂ ಒಂದು ಕಾಲಕ್ಕೆ ಗೊತ್ತಿರಲಿಲ್ಲ.

ಸದಸ್ಯರಿಗೆ ನಾಲ್ಕು ಮಾತು

ಹಿರಿಯರ ಹೆಸರಿನ ಆಯುಧ ಮನೆಯಲ್ಲಿದ್ದು ಲೈಸೆನ್ಸುದಾರರು ತೀರಿಹೋಗಿದ್ದರೆ, ‘ಅಪ್ಪನದು, ಇರಲಿ ಬಿಡು’ ಎಂದು ಅಟ್ಟದಲ್ಲಿ ಬಿಡಬೇಡಿ. ತಡಮಾಡದೆ ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆದು, ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ವಾರಸಿನಿಂದ ಬಂದದ್ದೂ ಎರಡರ ಮಿತಿಯೊಳಗೇ ಸೇರುತ್ತದೆ. ಹಳೆಯ ಆಯುಧವನ್ನು ಚರ್ಮದ ಚೀಲದಲ್ಲಿಟ್ಟು ಮಳೆಗಾಲ ಕಳೆಯಬೇಡಿ. ಚರ್ಮ ತೇವವನ್ನು ಹಿಡಿದು ತುಕ್ಕು ತರುತ್ತದೆ. ತೋಟೆಯನ್ನೂ ಆಯುಧವನ್ನೂ ಬೇರೆ ಬೇರೆ ಬೀಗದಲ್ಲಿಡಿ. ನಮ್ಮಂಥ ಹುಡುಗರು ಎಲ್ಲ ಮನೆಯಲ್ಲೂ ಇರುತ್ತಾರೆ. ರಿಮ್‌ಫೈರ್ ಇದ್ದವರು ಖಾಲಿ ಹೊಡೆಯಬೇಡಿ.

ನಮ್ಮ ರಸೀದಿ ಈಗ ಅಪ್ಪಯ್ಯನ ತಗಡಿನ ಪೆಟ್ಟಿಗೆಯಲ್ಲಿದೆ. ಅಮ್ಮನ ಹಾಳೆ ಅಟ್ಟದ ಮೇಲೆಯೇ ಇದೆ. ಗೆದ್ದಲು ಒಂದು ಕಡೆ ತಿಂದಿದೆ, ಏಳು ತೂತುಗಳೂ ಸರಿಯಾಗಿವೆ.